ನಾನು ಪಾಸ್ ಅಂದ ಮೂರು ಹಾರ್ಟ್ಸ್

ತಾರ್ನಾಕದ ನಮ್ಮ ಕಾಲೊನಿಯಲ್ಲಿ ಬ್ರಿಜ್ ಆಟವನ್ನು ಶಾಸ್ತ್ರೋಕ್ತವಾಗಿ ಬಲ್ಲವನು ನಾನೊಬ್ಬನೇ. ಇದು ಜಂಬವಲ್ಲ, ವಸ್ತುಸ್ಥಿತಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಹೆಂಡತಿಗೆ ಇಸ್ಪೀಟು ಕಲಿಸುವುದು ಯಾವ ಮಹಾ ಕೆಲಸ?

ವನಮಾಲಾ ಎಲ್ಲವನ್ನೂ ಬೇಗ ಕಲಿತಳು. ಕ್ಯೂಬಿಡ್ ಬಂದಾಗ ಮಾತ್ರ ಹುಬ್ಬೇರಿಸಿದಳು. ಬ್ರಿಜ್‌ನಲ್ಲಿ ಇಬ್ಬಿಬ್ಬರದು ಒಂದು ಜೋಡಿ. ಎಲೆ ಇಳಿಸುವ ಮೊದಲು ಯಾವ ಬಣ್ಣ ತುರುಪಾಗಬೇಕು, ಎಷ್ಟು ಸುತ್ತು ಗೆಲ್ಲುತ್ತೇವೆ ಎಂದು ಸರದಿಯಂತೆ ಕೂಗಬೇಕು. ಎದುರಾಳಿ ಕೂಗಿದ ಬಣ್ಣವನ್ನೇ ನಾವೂ ಕೂಗಿದರೆ ಅದು ಕ್ಯೂಬಿಡ್.

“ಅಂದ್ರ ಆ ಬಣ್ಣ ನಮ್ಮ ಕೈಯಾಗ ಭಾಳ ಐತಿ ಅಂತೇನ್ರಿ?”

“ಅಲ್ಲವೇ ಅಲ್ಲ! ‘ನಿನ್ನ ಬಣ್ಣಕ್ಕ ನನ್ನ ಬೆಂಬಲ ಐತಿ, ಕೈನೂ ಗಟ್ಟಿ ಐತಿ, ಮುಂದ ನಡಿ’ ಅಂತ ಅರ್ಥ. ನಿನ್ನ ತವರುಮನ್ಯಾಗ ನಾ ಊಟದ ಎಲಿಗೆ ಕೈ ಅಡ್ಡ ಹಿಡದು ‘ಸಾಕ್ರಿ, ಸಾಕ್ರಿ’ ಅಂದ್ರ ನಿಮ್ಮ ಅವ್ವಾರು ಏನ್ ಮಾಡತಿದ್ರು?”

“ಇನ್ನೆರಡು ಹೋಳಿಗಿ ಹಾಕತಿದ್ರು.”

“ಅದs ಕ್ಯೂಬಿಡ್!”

ನನ್ನ ಉಪಮೆಗೆ ನಾನೇ ತಲೆದೂಗಿದೆ. ಅವಳಿಗಾಗಿ ಒಂದು ನೋಟ್‌ಬುಕ್ಕನ್ನೂ ಬರೆದುಕೊಟ್ಟೆ. ಅದರ ನಾಲ್ಕನೆಯ ಪಾಠ: ‘ಜೊತೆಗಾರರು ಕ್ಯೂಬಿಡ್ ಮಾಡಿದಾಗ ಪಾಸ್ ಅನ್ನುವುದು ಮಹಾಪರಾಧ.’ ಕೆಳಗೆ ಮೂರು ಕೆಂಪು ಗೆರೆ!

ಸಿಕಂದರಾಬಾದಿನ ಟೂರ್ನಮೆಂಟಿಗೆ ನಮ್ಮ ಕ್ಲಬ್ಬಿನಿಂದ ಒಂದೇ ಜೋಡಿ ಹೋಗಬೇಕಿತ್ತು. ಆಯ್ಕೆಯ ದಿನ ಬೆಳಿಗ್ಗೆ ವನಮಾಲಾ ಷರತ್ತು ಹಾಕಿದಳು. “ನನ್ನಿಂದ ಸೋತ್ರ ನಾ ಇನ್ನ ಎಲಿ ಮುಟ್ಟೂದಿಲ್ಲ. ನಿಮ್ಮಿಂದ ಸೋತ್ರ ನನ್ನ ಜೋಡಿ ನಾನs ಆರಿಸ್ಕೋತೀನಿ.”

ನಾನು ಉದಾರವಾಗಿ ನಕ್ಕು ಒಪ್ಪಿದೆ.

ಕೊನೆಗೆ ಉಳಿದದ್ದು ಎರಡೇ ಜೋಡಿ. ಎದುರಿಗೆ ಪಕ್ಕದ ಗಲ್ಲಿಯ ಪ್ರಭಾಕರರಾವ್ ಗಾರು ಮತ್ತು ಎಂಬತ್ತು ದಾಟಿದ ಅವರ ಅತ್ತೆ ಸುಭದ್ರಮ್ಮ. ಕೊನೆಯ ಆಟದವರೆಗೂ ಸಮಸಮ. ಗೆದ್ದವರು ಸಿಕಂದರಾಬಾದಿಗೆ.

ನಾನು ಗಂಭೀರವಾಗಿ “ಒಂದು ಸ್ಪೇಡ್” ಅಂದೆ. ರಾವ್ ಗಾರು “ಎರಡು ಹಾರ್ಟ್ಸ್” ಅಂದರು. ವನಮಾಲಾ ಒಂದು ಕ್ಷಣವೂ ತಡೆಯದೆ “ಮೂರು ಹಾರ್ಟ್ಸ್” ಅಂದಳು. ಸುಭದ್ರಮ್ಮ ಪಾಸ್.

ಪಾಪ, ಹುಡುಗಿ ಗಾಬರಿಯಲ್ಲಿ ಪಾಠವನ್ನೆಲ್ಲ ಮರೆತಿದ್ದಾಳೆ! ಕೈಯಲ್ಲಿ ಹಾರ್ಟ್ಸ್ ರಾಶಿ ಕಂಡು ಕೂಗಿಬಿಟ್ಟಿದ್ದಾಳೆ! ಇಂಥ ಹೊತ್ತಿನಲ್ಲಿ ಶಿಷ್ಯೆಯ ಮಾನ ಕಾಪಾಡುವುದೇ ಗುರುಧರ್ಮ. ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ. “ಪಾಸ್.”

ರಾವ್ ಗಾರೂ ಪಾಸ್. ಕೂಗು ಅಲ್ಲಿಗೇ ನಿಂತು ಹಾರ್ಟ್ಸ್ ತುರುಪಾಯಿತು. ಆಡುವವಳು ಅವಳು. ನಿಯಮದ ಪ್ರಕಾರ ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟೆ. ಅದರಲ್ಲಿ ಹಾರ್ಟ್ಸ್ ಎರಡೇ ಎರಡು.

“ಅಂಜಬ್ಯಾಡ, ನಿನ್ನ ಕೈಯಾಗ ಬೇಕಾದಷ್ಟು ಅವ ಅಲ್ಲ?” ಎಂದು ಧೈರ್ಯ ತುಂಬಿದೆ.

“ನನ್ನ ಕಡೆ ಒಂದೈತಿ,” ಅಂದಳು ವನಮಾಲಾ.

ಅಂದರೆ ಹದಿಮೂರು ತುರುಪಿನಲ್ಲಿ ಹತ್ತು ಎದುರಾಳಿಗಳ ಹತ್ತಿರ! ಕೂಗಿದ ಮೂರಕ್ಕೆ ನಿಯಮದ ಆರು ಸೇರಿ ಒಂಬತ್ತು ಸುತ್ತು ಗೆಲ್ಲುತ್ತೇವೆಂದು ಒಪ್ಪಿಕೊಂಡ ನಾವು ನಾಲ್ಕು ಗೆದ್ದೆವು. ಸುಭದ್ರಮ್ಮ ಪ್ರತಿ ಸುತ್ತಿಗೂ “ಅಯ್ಯೋ ಪಾಪಂ” ಎನ್ನುತ್ತಲೇ ಎಲೆ ಬಾಚಿಕೊಂಡರು. ಸ್ಪೇಡ್ಸ್ ತುರುಪಾಗಿದ್ದರೆ ನಮಗೆ ಹತ್ತು ಸುತ್ತು ಕಣ್ಣುಮುಚ್ಚಿ ಬರುತ್ತಿತ್ತು.

ಸುಮ್ಮನಿರಬಹುದಿತ್ತು. ನಾನು ಸುಮ್ಮನಿರಲಿಲ್ಲ! ಕ್ಯೂಬಿಡ್‌ಗೆ ಕೆಲವೊಮ್ಮೆ ಬೇರೆ ಅರ್ಥವೂ ಇರುತ್ತದೆಂದು ನೆರೆದವರಿಗೆ ಉಪನ್ಯಾಸ ಆರಂಭಿಸಿದೆ. ವನಮಾಲಾ ಪರ್ಸಿನಿಂದ ನೋಟ್‌ಬುಕ್ ತೆಗೆದು, ನಾಲ್ಕನೆಯ ಪಾಠ ಬಿಡಿಸಿ, ಓದಲು ರಾವ್ ಗಾರು ಅವರ ಕೈಗೆ ಕೊಟ್ಟಳು. ಅವರಿಗೆ ಕನ್ನಡ ಬರುವುದಿಲ್ಲ. ಅದಕ್ಕಾಗಿ ನಾನೇ ಎಲ್ಲರೆದುರು ತೆಲುಗಿಗೆ ಅನುವಾದಿಸಿ ಹೇಳಬೇಕಾಯಿತು!

ಷರತ್ತಿನಂತೆ ವನಮಾಲಾ ಸುಭದ್ರಮ್ಮನವರನ್ನೇ ಜೋಡಿಯಾಗಿ ಆರಿಸಿಕೊಂಡಳು. ಮರುದಿನವೇ ರಾವ್ ಗಾರು ಅವಳಿಗೆ ತಮ್ಮ ಸ್ಥಾನ ಬಿಟ್ಟುಕೊಟ್ಟರು. ಸಿಕಂದರಾಬಾದಿಗೆ ಹೋದದ್ದು ಸುಭದ್ರಮ್ಮ ಮತ್ತು ವನಮಾಲಾ. ಕಾರು ಓಡಿಸಿದ್ದು, ನೀರಿನ ಬಾಟಲಿ ಹಿಡಿದು ನಿಂತದ್ದು ನಾನು. ಎರಡನೆಯ ಬಹುಮಾನದ ಕಪ್ಪು ಅವಳ ಕೈಗೆ ಬಂದಾಗ, ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾದವು.

ಅಲ್ಲಿ ಕನ್ನಡದವರೊಬ್ಬರು ಅವಳನ್ನು ಕೇಳಿದರು. “ಇಷ್ಟು ಚೊಲೊ ಆಡಾಕ ನಿಮಗ ಯಾರು ಕಲಿಸಿದ್ರು?”

“ನಮ್ಮನಿಯವರs ಕಲಿಸಿದ್ರು. ಕಲಿಸಾಕ ಭಾಳ ಚೊಲೊ ಬರತೈತಿ ಅವರಿಗೆ,” ಅಂದಳು. ನನ್ನ ಎದೆ ಉಬ್ಬಿತು. ಆಗ ಅವಳು ಮುಗಿಸಿದಳು. “ಆಡಾಕಷ್ಟs ಬರೂದಿಲ್ಲ.”

ಕಾಲೊನಿಯಲ್ಲಿ ನಾನು ಎಲ್ಲರಿಗೂ ಈ ಮಾತನ್ನು ಹೇಳಿದ್ದೇನೆ, ಕೊನೆಯ ವಾಕ್ಯ ಬಿಟ್ಟು!