ಸಕ್ಕರೆ ಡಬ್ಬಿಯಲ್ಲಿ ಚಕ್ಕುಲಿ

ಕಂಡದ್ದಕ್ಕೆಲ್ಲ ಹೆಸರಿನ ಚೀಟಿ ಅಂಟಿಸುವವರನ್ನು ಜನ ಹುಡುಕಿದ್ದು ಸಿಕ್ಕಾಗ ಹೊಗಳುತ್ತಾರೆ, ಉಳಿದ ಹೊತ್ತಿನಲ್ಲೆಲ್ಲ ಬೈಯುತ್ತಾರೆ. ನಾನು ಆ ಪೈಕಿ. ಬಸ್ಸು ಬಂದ ದಿನ, ಬಾರದ ದಿನ, ಹಾಲು ಒಡೆದ ದಿನ ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟು ತಿಂಗಳ ಕೊನೆಗೆ ಕೂಡಿಸುತ್ತೇನೆ. ಕೂಡಿಸಿ ಏನು ಮಾಡುತ್ತೀಯ ಎಂದು ಕೇಳಿದವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಜನಕಪುರಿಯ ನಮ್ಮ ಬಾಡಿಗೆ ಮನೆಯಲ್ಲಂತೂ ಚೀಟಿಯಿಲ್ಲದ ಡಬ್ಬಿ ಒಂದೂ ಇರಲಿಲ್ಲ. ಜೊತೆಗಿದ್ದ ದಾವಣಗೆರೆಯ ನಾಜಿಯಾ ಗುಡಗಾಂವಿನ ಕಚೇರಿಯಿಂದ ಬಂದವಳೇ, "ನನ್ನ ಹಣೆಗೂ ಒಂದು ಅಂಟಿಸಿಬಿಡೇ, ಮರೆತುಗಿರೆತುಬಿಟ್ಟೀಯ" ಎನ್ನುತ್ತಿದ್ದಳು.

ನಮ್ಮ ಕಡೆಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ ಅದು. ಎಂ.ಟೆಕ್. ಮುಗಿಸಲು ನಾನೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೆ. ಬಹುರೂಪಿ ಭಾಷೆ. ಅಂದರೆ, 'ಸಾಲನ್ನು ಹಿಂದುಮುಂದು ಮಾಡು' ಎಂದು ಒಮ್ಮೆ ಬರೆದಿಟ್ಟರೆ ಸಾಕು; ಅಂಕಿಗಳ ಸಾಲು ಕೊಡಿ, ಹೆಸರುಗಳ ಸಾಲು ಕೊಡಿ, ಅದೊಂದೇ ಆಜ್ಞೆ ಎರಡನ್ನೂ ತಿರುಗಿಸಿ ಕೊಡಬೇಕು. ನನ್ನದು ಅಂಕಿಗಳನ್ನು ಚೆನ್ನಾಗಿಯೇ ತಿರುಗಿಸುತ್ತಿತ್ತು. ಆಮೇಲೆ ಹೆಸರುಗಳನ್ನು ಕೊಟ್ಟರೆ 'ತಪ್ಪು: ಇಲ್ಲಿ ಅಂಕಿ ಬೇಕು' ಎಂದು ಹಟ ಹಿಡಿಯುತ್ತಿತ್ತು. ಹೆಸರುಗಳನ್ನೇ ಮೊದಲು ಕೊಟ್ಟು ನೋಡಿದೆ. ಆಗ ಅದಕ್ಕೆ ಅಂಕಿ ಬೇಡವಾಯಿತು. ಸೋಮವಾರ ಗೈಡ್ ಮುಂದೆ ಓಡಿಸಿ ತೋರಿಸಬೇಕು. ಓಡದಿದ್ದರೆ ಇನ್ನೊಂದು ಸೆಮಿಸ್ಟರ್. ಬೇಸಿಗೆ ಕಳೆದು ಸೇರು ಎಂದಿದ್ದ ಕಂಪನಿ ಅಲ್ಲಿಯತನಕ ಕಾಯುವುದಿಲ್ಲ.

ಭಾನುವಾರ ಬೆಳಿಗ್ಗೆ ಈ ಗೋಳು ಹೇಳಿಕೊಳ್ಳುತ್ತಿದ್ದೆ. ನಾಜಿಯಾ ಅವಳ ಅಮ್ಮಿ ಕಳಿಸಿದ್ದ ಚಕ್ಕುಲಿಯನ್ನು ಡಬ್ಬಿಗೆ ತುಂಬುತ್ತಾ ಕೇಳುತ್ತಿದ್ದಳು. ನನ್ನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಲೇ, ಅದು ಸಕ್ಕರೆ ಡಬ್ಬಿ ಕಣೇ!"

"ಖಾಲಿ ಇತ್ತು."

"ಖಾಲಿ ಸಕ್ಕರೆ ಡಬ್ಬಿ!"

"ಅಚ್ಛಾ! ಒಂದು ಸಲ ಸಕ್ಕರೆ ಹಾಕಿದೆ ಅಂತ ಸಾಯೋತನಕ ಅದು ಸಕ್ಕರೇದೇನಾ? ಅಂಗಡೀಲಿದ್ದಾಗ ಬರೀ ಡಬ್ಬಿ ಆಗಿತ್ತಮ್ಮ." ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, "ನಿನ್ನ ಭಾಷೆ ಯಾರನ್ನ ಹೋಲುತ್ತೆ ಅಂತ ಈಗ ಗೊತ್ತಾಯ್ತು ಬಿಡು" ಎಂದಳು.

ಜಗಳ ಅಲ್ಲೇ ಬಿಟ್ಟು ಕಂಪ್ಯೂಟರಿನತ್ತ ಓಡಿದೆ. ಅವಳು ಹೇಳಿದಂತೆಯೇ ಇತ್ತು. ಮೊದಲ ಸಲ ಅಂಕಿ ಸಿಕ್ಕ ಕೂಡಲೇ ನನ್ನ ಪ್ರೋಗ್ರಾಂ ಮೂಲ ಆಜ್ಞೆಗೇ 'ಅಂಕಿ' ಎಂದು ಚೀಟಿ ಅಂಟಿಸಿಬಿಡುತ್ತಿತ್ತು. ಅಂಟಿಸಲು ಕಲಿಸಿದವಳು ನಾನೇ. ಮೂಲವನ್ನು ಮುಟ್ಟದೆ, ಪ್ರತಿ ಬಳಕೆಗೂ ಅದರದೊಂದು ಹೊಸ ನಕಲು ತೆಗೆದು, ಆ ನಕಲಿಗೆ ಮಾತ್ರ ಚೀಟಿ ಅಂಟಿಸುವಂತೆ ತಿದ್ದಿದೆ. ಊಟದ ಹೊತ್ತಿಗೆ ಅಂಕಿಗಳೂ ತಿರುಗಿದವು, ಹೆಸರುಗಳೂ ತಿರುಗಿದವು. ಸೋಮವಾರ ಗೈಡ್ "ಚಲೋ, ಠೀಕ್ ಹೈ" ಎಂದರು. ಅವರ ಬಾಯಲ್ಲಿ ಅದು ಚಿನ್ನದ ಪದಕ.

ವರದಿಯ ಕೃತಜ್ಞತೆಯ ಪುಟದಲ್ಲಿ ಗೈಡ್ ಹೆಸರಿನ ಕೆಳಗೇ ನಾಜಿಯಾಳ ಹೆಸರು ಬರೆದೆ. ಅಷ್ಟಕ್ಕೆ ಮನಸ್ಸು ತುಂಬಲಿಲ್ಲ. ಅವಳಿಗೆಂದೇ ಹೊಳೆಯುವ ಸ್ಟೀಲ್ ಡಬ್ಬಿಯೊಂದನ್ನು ತಂದುಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ ನಗತೊಡಗಿದಳು. 'ಏನು ಬೇಕಾದರೂ ಹಾಕಬಹುದು' ಎಂದು ಬರೆದು, ಕೆಳಗೆ ತಾರೀಖು ಹಾಕಿ ಅಂಟಿಸಿದ್ದೆ.

"ಇದಕ್ಕೂ ಚೀಟಿನಾ?"

"ಮತ್ತೆ? ಚೀಟಿ ಇಲ್ಲದಿದ್ರೆ, ಏನು ಬೇಕಾದ್ರೂ ಹಾಕಬಹುದು ಅಂತ ನನಗೆ ನೆನಪಿರೋದು ಹೇಗೆ?"