ಪಟ್ಟಿಯಲ್ಲಿಲ್ಲದ ಪ್ರಿಂಟರು

ನನ್ನ ಚಿಕ್ಕಪ್ಪ ಯಂತ್ರಗಳಿಗೆ ಜವಾಬು ಬರೆಯುತ್ತಿದ್ದರು. ನಂಬುತ್ತೀರಾ? ಯಂತ್ರವನ್ನು ಬೈಯುವವರು ಮನೆಗೊಬ್ಬರು ಇರುತ್ತಾರೆ, ತಲೆಗೆ ತಟ್ಟುವವರೂ ಇರುತ್ತಾರೆ. ಇವರು ಬರೆಯುತ್ತಿದ್ದರು! ಠಾಣೆ ಪಟ್ಟಣದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಸ್ಟೋರ್‌ಕೀಪರ್ ಆಗಿದ್ದವರು. ಬಂದ ಕಾಗದಕ್ಕೆ ಜವಾಬು ಹೋಗದಿದ್ದರೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಏನಾದರೂ ತಕರಾರು ಮೂಡಿದರೆ ಸಾಕು, ನೋಟುಬುಕ್ಕಿನ ಎಡಗಡೆ ಅದನ್ನು ಇಳಿಸಿಕೊಂಡು, ಬಲಗಡೆ ತಮ್ಮ ಉತ್ತರ ಬರೆದು, ಕೆಳಗೆ ಸಹಿ ಹಾಕುತ್ತಿದ್ದರು. ‘ಪ್ರಿಂಟರ್ ಸಿದ್ಧವಿಲ್ಲ’ ಎಂದಿತ್ತು ಒಮ್ಮೆ. ಎದುರಿಗೆ ಚಿಕ್ಕಪ್ಪನ ಉತ್ತರ: ‘ನಾವು ಕೂಡ ಯಾವತ್ತೂ ಸಿದ್ಧವಿರಲಿಲ್ಲ. ಆದರೂ ದಿನಾ ಏಳು ಹದಿನೆಂಟರ ಗಾಡಿ ಹಿಡಿದಿದ್ದೇವೆ.’

ನಾನು ನಕ್ಕೆ. ಆ ನಗೆಗೆ ಈಗ ನಾಚಿಕೆಯಾಗುತ್ತದೆ ಎಂದು ಬರೆಯಹೊರಟಿದ್ದೆ. ಆದರೆ ಅಷ್ಟು ಅಚ್ಚುಕಟ್ಟಾದ ನಾಚಿಕೆಯನ್ನು ನಾನೇ ನಂಬಲಾರೆ.

ಡೊಂಬಿವ್ಲಿಯ ಅವರ ಒಂದೂವರೆ ಕೋಣೆಯ ಮನೆಯಲ್ಲಿ, ಕಾರ್ಖಾನೆ ಬೇಡವೆಂದು ಬಿಟ್ಟ ಒಂದು ಕಂಪ್ಯೂಟರೂ ಅದಕ್ಕೆ ಜೋಡಿಯಾಗಿ ಕಿರ್ರೋ ಎಂದು ಕೂಗುವ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ಇದ್ದವು. ಈ ಸರಂಜಾಮೆಲ್ಲ ಯಾತಕ್ಕೆ? ಚಿಕ್ಕಮ್ಮನ ಹಾಡುಗಳಿಗೆ.

ಚಿಕ್ಕಮ್ಮ ಬೋರಿಬಂದರಿನ ಕಡೆಯ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಗಿನ ಲೋಕಲ್ ರೈಲಿನ ಹೆಂಗಸರ ಡಬ್ಬದಲ್ಲಿ ಭಜನೆ ಹೇಳಿಕೊಡುವವರು ಅವರೇ. ಸುತ್ತ ಕೂತವರು ಹೆಚ್ಚಿನಂಶ ಮರಾಠಿ ಹೆಂಗಸರು, ಹಾಡುವುದು ಅಭಂಗ, ಚಿಕ್ಕಮ್ಮನ ಮಡಿಲಲ್ಲಿರುವ ಕಾಗದದ ಲಿಪಿ ಮಾತ್ರ ಕನ್ನಡ! ದಸರೆಗೆ ಮುಂಚಿನ ದಿನ ಆ ಡಬ್ಬಕ್ಕೆ ಚೆಂಡುಹೂ ಕಟ್ಟಿ ಪೂಜೆ ಮಾಡುತ್ತಾರೆ. ಅವತ್ತು ಡೊಂಬಿವ್ಲಿಯಿಂದ ಕೊನೆಯ ಸ್ಟೇಶನ್ ಬೋರಿಬಂದರಿನವರೆಗೆ ಹಾಡು ನಿಲ್ಲಬಾರದು.

ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ‘ಹೋದದ್ದು ಬರುವುದಿಲ್ಲ, ಇರುವುದೂ...’ ಎಂದು ಡಾಕ್ಟರು ವಾಕ್ಯವನ್ನು ಅಲ್ಲಿಗೇ ಬಿಟ್ಟಿದ್ದರು. ಅಕ್ಷರ ಕಾಣದಿದ್ದರೆ ಹಾಡು ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಆ ಡಬ್ಬದಲ್ಲಿ ಸುಮ್ಮನೆ ಕೂತು ಹೋಗುವ ಹೆಂಗಸಾಗುವುದು ಚಿಕ್ಕಮ್ಮನಿಗೆ ಕಣ್ಣು ಹೋಗುವುದಕ್ಕಿಂತ ದೊಡ್ಡ ಸಂಗತಿ. ಅದಕ್ಕೇ ಚಿಕ್ಕಪ್ಪ ನಲವತ್ತು ಹಾಡುಗಳನ್ನು ಎರಡು ಬೆರಳಲ್ಲಿ ಕುಟ್ಟಿ ದಪ್ಪಕ್ಷರದಲ್ಲಿ ತೆಗೆಯುತ್ತಿದ್ದರು. ಕಣ್ಣು ಮಂಜಾದಷ್ಟೂ ಅಕ್ಷರ ಬೆಳೆಯಿತು. ಕೊನೆಗೆ ಸಾಲಿಗೆ ಮೂರೇ ಅಕ್ಷರ. ಪಾಂಡುರಂಗ ಒಂದು ಸಾಲಿನಲ್ಲಿ ಹಿಡಿಸದೆ, ‘ಗ’ ಮಾತ್ರ ಕೆಳಗಿಳಿದು ಒಂಟಿಯಾಗಿ ನಿಂತ!

ಅಲ್ಲಿಗೆ ಬಂದೆ ನಾನು, ಬುದ್ಧಿವಂತ. ಠಾಣೆಯ ವರ್ತಕ ನಗರದ ಒಂದು ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ. ತೊಂಬತ್ತಾರೋ ತೊಂಬತ್ತೇಳೋ, ಜೂನ್ ತಿಂಗಳು. ಹೊಸ ಕಂಪ್ಯೂಟರಿನಲ್ಲಿ ಇನ್ನೂ ದೊಡ್ಡ, ಇನ್ನೂ ಚಂದದ ಕನ್ನಡ ಅಕ್ಷರ ಬರುತ್ತದೆಂದು ಆಸೆ ಹುಟ್ಟಿಸಿದೆ, ತಂದು ಕೂರಿಸಿದೆ. ಹಳೆಯ ಕಂಪ್ಯೂಟರನ್ನು ಅದೇ ದಿನ ಗುಜರಿ ಕೊಳ್ಳುವ ಭಂಗಾರಿನವನಿಗೆ ಕೊಟ್ಟೆ. ಅದೇ ದಿನ! ಚಿಕ್ಕಪ್ಪ ಪಾಪ, ಹೊಸ ಅಕ್ಷರಗಳಲ್ಲಿ ನಲವತ್ತೂ ಹಾಡು ಮತ್ತೆ ಕುಟ್ಟಿದರು. ಪರದೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಕಂಡಿತು. ಪ್ರಿಂಟರು ಮಾತ್ರ ಮಾತಾಡಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ‘ನಿನ್ನ ಪ್ರಿಂಟರ್ ಯಾವುದು’ ಎಂದು ಒಂದು ಪಟ್ಟಿಯಿಂದ ಆರಿಸಿ ಹೇಳಬೇಕು. ಆ ಉದ್ದನೆಯ ಪಟ್ಟಿಯಲ್ಲಿ ನಮ್ಮದು ಇರಲಿಲ್ಲ.

ಚಿಕ್ಕಪ್ಪ ಪರದೆಗೆ ಫುಟ್‌ಪಟ್ಟಿ ಹಿಡಿದು ಮೇಲಿನಿಂದ ಕೆಳಗೆ ಮೂರು ಸಲ ಓದಿದರು.

“ಡೊಂಬಿವ್ಲಿಯ ವೋಟರ್ ಲಿಸ್ಟೂ ಹೀಗೇ ಮಾರಾಯ. ಸತ್ತವರೆಲ್ಲ ಉಂಟು, ನಾನಿಲ್ಲ.”

“ಚಿಕ್ಕಪ್ಪಾ, ಇದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿದೆ.”

“ಮುಚ್ಚಿದರೆ? ನನ್ನ ಕಾರ್ಖಾನೆಯೂ ಮುಚ್ಚಿತು. ನಾನು ಕೂತಿಲ್ವಾ ಇಲ್ಲಿ?”

“ಕೂತದ್ದೇ ಹೌದು,” ಒಳಗಿನಿಂದ ಚಿಕ್ಕಮ್ಮ. “ಸ್ವಲ್ಪ ಎದ್ದು ಹಾಲು ತನ್ನಿ.”

ಪ್ರತಿ ಭಾನುವಾರ ಕೋಪರಿಯ ನನ್ನ ಕೋಣೆಯಿಂದ ಡೊಂಬಿವ್ಲಿಗೆ ಹೋಗಿ, ಪಟ್ಟಿಯಲ್ಲಿದ್ದ ಹತ್ತಿರದ ಹೆಸರುಗಳನ್ನು ಒಂದೊಂದಾಗಿ ಆರಿಸಿ ನೋಡಿದೆ. ಒಂದು ಹೆಸರಿಗೆ ಪ್ರಿಂಟರು ಪುಟಕ್ಕೊಂದು ಸಾಲು ಹೊಡೆದು ಕಾಗದವೆಲ್ಲ ಹೊರಗೆ ಕಕ್ಕಿತು. ಇನ್ನೊಂದಕ್ಕೆ ಇಸ್ಪೀಟೆಲೆಯ ಆಟೀನು, ಕಳಾವರ, ನಗುವ ಗುಂಡು ಮುಖಗಳನ್ನು ಸಾಲಾಗಿ ಮೂಡಿಸಿತು. ಚಿಕ್ಕಪ್ಪ ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು.

“ವಿಠ್ಠಲನ ಹೆಸರು ಕೊಟ್ಟರೆ ರಮ್ಮಿ ಆಡ್ತದಲ್ಲ ಇದು!”

ಆಗಸ್ಟಿನಲ್ಲಿ ನಾನು ಇನ್ನೊಂದು ಬುದ್ಧಿ ಓಡಿಸಿದೆ. ಆಫೀಸಿನ ಹೊಸ ಪ್ರಿಂಟರಿನಲ್ಲಿ ಹಾಡುಗಳನ್ನು ತೆಗೆದು ತಂದುಕೊಟ್ಟೆ. ಕಪ್ಪಗೆ ಮಿಂಚುವ ಅಕ್ಷರ, ಬಿಡಿ ಬಿಡಿ ಹಾಳೆ. ಮರುದಿನವೇ ಮೂರು ಹಾಡು ಮುಂಬ್ರಾ ಖಾಡಿಯ ಹಿನ್ನೀರಿನ ಗಾಳಿಗೆ ಗಾಡಿಯ ಕಿಟಕಿಯಿಂದ ಹಾರಿಹೋದವು. ಉಳಿದವುಗಳ ಶಾಯಿ ಬೆವರಿಗೆ ಕರಗಿ ಚಿಕ್ಕಮ್ಮನ ಸೀರೆಗೆ ಇಳಿಯಿತು. ಪಿನ್ ಹೊಡೆದು ಪುಸ್ತಕ ಮಾಡೋಣವೆಂದೆ.

“ಒಂದು ಕೈಯಲ್ಲಿ ತಾಳ, ಒಂದು ಕೈಯಲ್ಲಿ ಕಾಗದ. ಪುಟ ತಿರುಗಿಸಲಿಕ್ಕೆ ಮೂರನೇ ಕೈ ನೀನು ಕೊಡ್ತೀಯಾ?” ಎಂದರು ಚಿಕ್ಕಪ್ಪ. ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ಅಂಟಿ ಬರುವ ಹಳೆಯ ಕಾಗದವೇ ಆಗಬೇಕು; ಅದು ಮಡಿಲಿನಿಂದ ತಾನೇ ಜಾರಿ ಮುಂದಿನ ಹಾಡಿಗೆ ಹೋಗುತ್ತದೆ. ಆ ಕಾಗದ ಹಿಡಿಯುವುದು ಮನೆಯ ಆ ಹಳೆಯ ಪ್ರಿಂಟರಿಗೆ ಮಾತ್ರ.

ಹೀಗೆ ಸೆಪ್ಟೆಂಬರ್ ಕಳೆಯಿತು. ಹಳೆಯ ಪ್ರಿಂಟುಗಳ ಅಕ್ಷರ ಚಿಕ್ಕಮ್ಮನಿಗೆ ಸಾಲುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು ಕೈಹಿಡಿದು ಅವರನ್ನು ಗಾಡಿ ಹತ್ತಿಸುತ್ತಿದ್ದಳು. ‘ಈ ದಸರೆಗೆ ಅಕ್ಕಾನೇ ಹೇಳಲಿ, ಮುಂದಿನ ವರ್ಷ ನೋಡೋಣ’ ಎಂದು ಡಬ್ಬದಲ್ಲಿ ಚಿಕ್ಕಮ್ಮನ ಬಗ್ಗೆ ಮಾತಾಯಿತಂತೆ. ಇದನ್ನು ಚಿಕ್ಕಮ್ಮ ನಗುತ್ತಲೇ ಹೇಳಿದರು. ಚಿಕ್ಕಪ್ಪ ನಗಲಿಲ್ಲ.

ಡಬ್ಬದ ಪೂಜೆಯ ಹಿಂದಿನ ಸಂಜೆ. ನೆನಪು ಇಲ್ಲಿ ಮಳೆ ಸುರಿಸಲು ಹವಣಿಸುತ್ತಿದೆ. ಮಳೆ ಇರಲಿಲ್ಲ. ಅಕ್ಟೋಬರಿನ ಸೆಕೆ, ಅಷ್ಟೇ. ನಾನು ಆಫೀಸಿನಿಂದ ನೇರ ಬಂದು, ಪಟ್ಟಿಯಲ್ಲಿ ಯಾವ ಕಂಪನಿಯದೂ ಅಲ್ಲದ, ಬರೀ ‘ಸಾಮಾನ್ಯ’ ಎಂಬ ಅರ್ಥದ ಒಂದು ಹೆಸರನ್ನು ಆರಿಸಿದೆ. ಮೊದಲ ಹಾಡು ಕಳಿಸಿದೆ.

ಪ್ರಿಂಟರು ಎದ್ದಿತು! ತಡವರಿಸಲಿಲ್ಲ, ಕಾಗದ ಕಕ್ಕಲಿಲ್ಲ. ಸಾಲಿನ ಕೆಳಗೆ ಸಾಲು, ನುಡಿಯ ಕೆಳಗೆ ನುಡಿ. ಚಿಕ್ಕಪ್ಪ “ಬಂತು! ಬಂತು ಮಾರಾಯ್ತಿ!” ಎಂದು ಕೂಗಿ, ಹಾಳೆಯನ್ನು ಹರಿದು ಚಿಕ್ಕಮ್ಮನ ಕೈಗಿಟ್ಟೇಬಿಟ್ಟರು. ಕೊಡುವಾಗ ನಾನು ನೋಡಿದೆ. ಅದು ಕನ್ನಡವಲ್ಲ. ಕನ್ನಡದ ಒಂದೊಂದು ಅಕ್ಷರದ ಜಾಗದಲ್ಲಿ ಪ್ರಿಂಟರು ತನಗೆ ಗೊತ್ತಿದ್ದ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ, ಚುಕ್ಕಿಗಳನ್ನು ಇರುವೆ ಗಾತ್ರದಲ್ಲಿ ಹೊಡೆದಿತ್ತು. ಜಗತ್ತಿನಲ್ಲಿ ಯಾರೂ ಓದಲಾಗದ ಹಾಡು. ಚಿಕ್ಕಪ್ಪನೂ ಅದನ್ನು ಆಗಲೇ ಕಂಡರು. ಅವರ ಕೈ ಮುಂದಕ್ಕೆ ಚಾಚಿದ್ದು ಹಾಗೇ ಉಳಿಯಿತು.

ಚಿಕ್ಕಮ್ಮ ಕಾಗದವನ್ನು ಮಡಿಲಿಗೆ ಹಾಕಿಕೊಂಡರು. ಕನ್ನಡಕ ಹುಡುಕಲಿಲ್ಲ. ಬೆಳಕಿಗೆ ತಿರುಗಿಸಲಿಲ್ಲ. ಪ್ರಿಂಟರಿನ ಸೂಜಿಗಳು ಕುಟ್ಟಿ ತಗ್ಗು ಮಾಡಿದ ಸಾಲಿನ ಮೇಲೆ ಬೆರಳ ತುದಿಯನ್ನಿಟ್ಟು, ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯುತ್ತ ಹಾಡಿದರು. ಮೊದಲ ಹಾಡು, ಮೂರೂ ನುಡಿ, ಎಲ್ಲೂ ತಡೆಯದೆ. ಆಗ ನಮಗಿಬ್ಬರಿಗೂ ತಿಳಿಯಿತು: ಅವರಿಗೆ ಅಕ್ಷರ ಕಾಣುವುದು ನಿಂತು ಬಹಳ ದಿನಗಳಾಗಿದ್ದವು. ನಾವು ಪ್ರಿಂಟರು ರಿಪೇರಿ ಮಾಡುತ್ತಿದ್ದ ಅಷ್ಟೂ ಭಾನುವಾರ ಅವರು ನಲವತ್ತು ಹಾಡುಗಳನ್ನು ಬಾಯಿಪಾಠ ಮಾಡುತ್ತಿದ್ದರು.

“ಅಕ್ಷರ ಕಾಣ್ತದಾ?” ಚಿಕ್ಕಪ್ಪ ಕೇಳಿದರು.

“ಕಾಣದೆ ಎಂತ? ನೀವು ಇಷ್ಟು ದಿನ ತೆಗೆದದ್ದರಲ್ಲಿ ಇದೇ ಸ್ಪಷ್ಟ ಉಂಟು.”

ನಾನು ಬಾಯಿ ತೆರೆದೆ. ಚಿಕ್ಕಪ್ಪ ನನ್ನ ಹೆಗಲನ್ನು ಗಟ್ಟಿಯಾಗಿ ಒತ್ತಿದರು.

“ಹೀಗೇ ಇನ್ನು ಮೂವತ್ತೊಂಬತ್ತು ತೆಗಿ ಮಗಾ. ಬೆಳಿಗ್ಗೆ ಅವಳಿಗೆ ಬೇಕು.”