ಮಾದೇಶನ ಬಾಯಿ ಬಿಡಿಸಿದ ಸಾಹಸ

ಮಕ್ಕಳಿಗೆ ಮಾತು ಕಲಿಸುವುದೇನು ಮಹಾ ಅಂದುಕೊಂಡಿದ್ದೆ. ಪಾಂಡವಪುರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಬಾಯಿ ಬಡಿದುಕೊಂಡೇ ಅನ್ನ ತಿನ್ನುವವನು ನಾನು. ದೇವರು ಅವಳಿ ಕೊಟ್ಟು ನನ್ನ ಸೊಕ್ಕು ಮುರಿದ.

ಮೊದಲು ಹುಟ್ಟಿದ ಗೌರಿ ಎರಡು ತುಂಬುವಷ್ಟರಲ್ಲಿ ಟಿವಿಯ ಸೋಪಿನ ಜಾಹೀರಾತು ಒಪ್ಪಿಸುತ್ತಿದ್ದಳು. ಅವಳ ಹಿಂದೆಯೇ ಹುಟ್ಟಿದ ಮಾದೇಶ ಎರಡೂವರೆ ಆದರೂ ಬರೀ ಬೆರಳು ತೋರಿಸುತ್ತಿದ್ದ. "ತಮ್ಮಂಗೆ ನೀರು ಬೇಕಂತೆ" ಅಂತ ಗೌರಿಯೇ ಅವನ ಪರ ವಕಾಲತ್ತು! ಗಂಡುಮಕ್ಕಳಿಗೆ ಮಾತು ತಡ, ಸುಮ್ನಿರಿ ಅಂತ ಹೆಂಡತಿ ಜಯ ಹೇಳುತ್ತಲೇ ಇದ್ದಳು. ನನಗೆ ಮಾತ್ರ ಮಗನಿಗೆ ಮಾತೇ ಬರುವುದಿಲ್ಲವೇನೋ ಅನ್ನುವ ಭಯ. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಪಕ್ಕದ ಮನೆ ಅಜ್ಜಿಯ ಮಾತು ಕೇಳಿ ಬಜೆ ತೇಯ್ದು, ನಾಲಿಗೆಗೆ ಹಚ್ಚಲು ಜೇನಿನಲ್ಲಿ ಕಲಸಿದೆ. ಮಾದೇಶ ತುಟಿ ಬಿಗಿದು ಕೂತ. ಬಟ್ಟಲನ್ನು ಗೌರಿ ನೆಕ್ಕಿದಳು. ಅವತ್ತಿನಿಂದ ಅವಳು ನಿದ್ದೆಯಲ್ಲೂ ಮಾತಾಡತೊಡಗಿದಳು!

ಶ್ರೀರಂಗಪಟ್ಟಣದ ಡಾಕ್ಟರು ಕಿವಿ, ಗಂಟಲು ಎಲ್ಲಾ ನೋಡಿ, ಏನೂ ತೊಂದರೆಯಿಲ್ಲ, ಕೆಲವು ಗಂಡುಮಕ್ಕಳು ನಿಧಾನ, ಬೇಕಾದ್ದನ್ನು ಅವನೇ ಬಾಯಿಬಿಟ್ಟು ಕೇಳಲಿ ಅಂತ ಸ್ವಲ್ಪ ಕಾಯಿರಿ ಅಂದರು. ಅಂದರೆ ವಕೀಲರನ್ನೇ ಕೋರ್ಟಿನಿಂದ ಹೊರಗೆ ಹಾಕಬೇಕು ಅಂತ ನಾನೇ ಅರ್ಥ ಮಾಡಿಕೊಂಡು, ಗೌರಿಯನ್ನು ಹೊಣಕೆರೆಗೆ, ನಮ್ಮತ್ತೆ ಮನೆಗೆ ಸಾಗಿಸಿದೆ. ಬ್ಯಾಡ ಕಣ್ರೀ, ಮಗ ಅವಳನ್ನ ಬಿಟ್ಟಿರಾಕಿಲ್ಲ ಅಂತ ಜಯ ಅತ್ತಳು. ಕೇಳೋರು ಯಾರು?

ಅಂಗಡಿಗೆ ಬೀಗ ಹಾಕಿ ಪಾಠ ಶುರು ಮಾಡಿದೆ. ಹಸು ತೋರಿಸಿ "ಹಸು ಅನ್ನು" ಅಂದೆ. ಅವನು ಹಸುವನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲ ಕಡೆ ನೋಡಿದ. ಕಾಗೆ, ಚೊಂಬು, ಟ್ರಾಕ್ಟರು ಎಲ್ಲಾ ಆಯಿತು. ಕೂಗಿ ಕೂಗಿ ಕೊನೆಗೆ ನನ್ನ ಗಂಟಲೇ ಕಟ್ಟಿಹೋಯಿತು. ಸುಸ್ತಾಗಿ ಗೋಡೆಗೊರಗಿ, ನೀರಿನ ಲೋಟದತ್ತ ಬೆರಳು ತೋರಿಸಿದೆ.

"ಬೇಕಾದ್ರೆ ಬಾಯ್ಬಿಟ್ಟು ಕೇಳಿ, ಕೊಡ್ತೀನಿ" ಅಂದಳು ಜಯ.

ಆಗ ಮೂಲೆಯಿಂದ "ಅಪ್ಪ" ಅಂತ ಕೇಳಿಸಿತು.

ಮಾದೇಶ! ನನ್ನ ಕಣ್ಣು ತುಂಬಿ ಬಂತು. ಓಡಿಹೋಗಿ ಎತ್ತಿಕೊಂಡೆ. ಅವನು ನನ್ನ ಎದೆಗೆ ಕೈ ಕೊಟ್ಟು ದೂಡುತ್ತಾ ಮಾತು ಮುಗಿಸಿದ.

"ಅಪ್ಪ ಬ್ಯಾಡ. ಅಕ್ಕ ಬೇಕು."

ಜಯ ಅಳುತ್ತಲೇ ನಕ್ಕಳು. ಸಿಕ್ಕಿದ ಬಸ್ಸು ಹತ್ತಿ ಹೊಣಕೆರೆಗೆ ಹೊರಟೆವು. ಎಲ್ಲಿಗೆ ಅಂತ ಕಂಡಕ್ಟರು ಕೇಳಿದರೆ ನನ್ನ ಬಾಯಿಂದ ಬರೀ ಗಾಳಿ ಬಂತು. ತೊಡೆ ಮೇಲಿದ್ದ ಮಾದೇಶ "ಅಕ್ಕ" ಅಂದ. ಜಯ ಊರಿನ ಹೆಸರು ಹೇಳಿ ಟಿಕೆಟ್ ತಗೊಂಡಳು.

ಕಂಡಕ್ಟರು ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿ, "ಯಾವಾಗಿಂದ್ಲವ್ವಾ ಇವ್ರಿಗೆ ಮಾತು ಬರಾಕಿಲ್ಲ?" ಅಂದ.

"ಇವತ್ತಿಂದ ಕಣಪ್ಪಾ. ನಮ್ ಪುಣ್ಯ" ಅಂದಳು ಜಯ.

ಬಸ್ಸಿಗೆ ಬಸ್ಸೇ ನಕ್ಕಿತು. ನಗಬೇಡಿ ಅನ್ನೋಕೂ ನನಗೆ ದನಿ ಇರಲಿಲ್ಲ.